ಹಾಜರಿಯ ಕೊನೆಯ ಹೆಸರು

ಈ ಜೂನಿನಲ್ಲಿ ನನ್ನ ಮೊಮ್ಮಗಳನ್ನು ಒಂದನೆಯ ಇಯತ್ತೆಗೆ ಹಾಕಿದೆವು. ಆ ದಿನ ಬೆಳಿಗ್ಗೆ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ನನ್ನ ಸಂತೋಷ ಏನು ಹೇಳಲಿ, ಕೈಗೆ ಲೆಕ್ಕವೇ ಸಿಗದೆ ಎಣ್ಣೆ ಅವಳ ಕಿವಿಯ ಹಿಂದೆ ಇಳಿದು ಹೊಸ ಅಂಗಿಯ ಕಾಲರಿಗೆ ತಾಗಿತು. ಸೊಸೆ ಒಳಗಿನಿಂದ, “ಅತ್ತಿ, ಹುಡುಗೀನ ಸಾಲಿಗಿ ಕಳಸಾಕತ್ತೀರೋ, ಒಗ್ಗರಣಿ ಹಾಕಾಕತ್ತೀರೋ?” ಎಂದು ನಕ್ಕಳು. ನಾನೂ ನಕ್ಕೆ. ಅಷ್ಟರಲ್ಲಿ ಆ ಎಣ್ಣೆಯ ವಾಸನೆ ಮೂಗಿಗೆ ಬಂತು ನೋಡಿ... ಅಕ್ಕೋರು ನೆನಪಾದರು.

ಅವರು ನಮ್ಮೂರ ಸರಕಾರಿ ಶಾಲೆಯ ಹೆಡ್ ಅಕ್ಕೋರು. ದಿನಾ ಧಾರವಾಡದಿಂದ ಬಸ್ಸಿಗೆ ಬಂದು ಹೋಗುತ್ತಿದ್ದರು. ನಾನು ಅಲ್ಲಿ ಬಿಸಿಯೂಟ ಮಾಡುವವಳು, ಈಗಲೂ ಮಾಡುತ್ತೇನೆ. ನಾನು ಓದಿದ್ದು ಮೂರನೆಯ ಇಯತ್ತೆ ಮಾತ್ರ, ಆದರೂ ಅವರು ನನ್ನನ್ನು ಎಂದೂ ಬಹುವಚನ ಬಿಟ್ಟು ಕರೆದವರಲ್ಲ. ಅವರ ಟೇಬಲ್ಲಿನ ಖಾನೆಯಲ್ಲಿ ಚಾಕ್‌ಪೀಸಿನ ಡಬ್ಬಿಯ ಜೊತೆ ಒಂದು ಎಣ್ಣೆ ಬಾಟಲಿ, ಒಂದು ಹಣಿಗೆ ಇರುತ್ತಿದ್ದವು. ಕಬ್ಬಿನ ಗ್ಯಾಂಗಿನ ಮಕ್ಕಳಿಗೆಂದು ಇಟ್ಟದ್ದು.

ನಮ್ಮ ಕಲಘಟಗಿ ಕಡೆ ದೀಪಾವಳಿ ಮುಗಿಯಿತೆಂದರೆ ಮಹಾರಾಷ್ಟ್ರದಿಂದ ಕಬ್ಬು ಕಡಿಯುವವರ ಗ್ಯಾಂಗುಗಳು ಟ್ರ್ಯಾಕ್ಟರ್ ಏರಿ ಬರುತ್ತವೆ. ಹೊಲದ ಬಾಜು ಗುಡಿಸಲು ಹಾಕಿಕೊಂಡು, ಕಬ್ಬು ಮುಗಿಯುವವರೆಗೆ ಇದ್ದು ಹೋಗುತ್ತಾರೆ. ಒಂದು ವರ್ಷ ಅಂಥ ಗ್ಯಾಂಗಿನ ಹುಡುಗಿಯೊಬ್ಬಳು, ಶೀತಲ್ ಅಂತ ಹೆಸರು, ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಶಾಲೆಯ ಗೇಟಿನ ಹೊರಗೆ ನಿಲ್ಲತೊಡಗಿದಳು. ಊಟದ ಹೊತ್ತಿಗೆ ಬರುತ್ತಾಳೆ ಎಂದುಕೊಂಡಿದ್ದೆ. ಅಲ್ಲ, ಪ್ರಾರ್ಥನೆಯ ಗಂಟೆಗೇ ಬರುತ್ತಿದ್ದಳು.

ಅಕ್ಕೋರು ಅವಳನ್ನು ಒಳಗೆ ಕರೆದು ತಲೆ ಬಾಚಿದರು. ಆಮೇಲೆ ಅವಳ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಮುಟ್ಟಿತು. ನಮ್ಮ ಕಾಲದಲ್ಲಿ ಇಷ್ಟೇ ಇತ್ತು. ಬೆರಳು ಕಿವಿಗೆ ತಾಗಿದರೆ ವಯಸ್ಸು ಆಯಿತೆಂದು ಮಾಸ್ತರರು ಹೆಸರು ಬರೆದುಕೊಳ್ಳುತ್ತಿದ್ದರು. ನಾನೂ ಹಾಗೆಯೇ ಶಾಲೆಗೆ ಸೇರಿದವಳು.

ಈಗ ಹಾಗಲ್ಲವಲ್ಲ. ಹುಟ್ಟಿದ ಕಾಗದ ಬೇಕು, ಆಧಾರ್ ಬೇಕು. ಶೀತಲ್‌ಗೆ ಎರಡೂ ಇರಲಿಲ್ಲ. ಅವರ ಊರಿನ ಶಾಲೆಯಲ್ಲೂ ಕಾಗದ ತರಲು ಹೇಳಿ ವಾಪಸು ಕಳಿಸಿದ್ದರಂತೆ. ಅಕ್ಕೋರು ಅವಳ ಅಪ್ಪ ಅವ್ವನನ್ನು ಕರೆಸಿ, ಮಗು ಎಲ್ಲಿ ಹುಟ್ಟಿತು ಎಂದು ಕೇಳಿದರು. ಕಬ್ಬಿನ ಹೊಲದಲ್ಲಿ, ಕಡಿಯಲು ಬಂದಾಗ, ಎಂದ ಅಪ್ಪ. ಯಾವ ಊರ ಹೊಲ? ಅವನು ಹೆಂಡತಿಯ ಮುಖ ನೋಡಿದ. ಆಕೆ ಬಹಳ ಹೊತ್ತು ಯೋಚಿಸಿ, ಹೊಲದ ಬಾಜು ಒಂದು ದೊಡ್ಡ ಬಾವಿ ಇತ್ತು ಎಂದಳು.

ಅವರು ಹೋದ ಮೇಲೆ ಅಕ್ಕೋರು ಅಡಿಗೆ ಕೋಣೆಯ ಬಾಗಿಲಿಗೆ ಬಂದು ನಿಂತರು.

“ಬಾವಿ ಇಲ್ಲದ ಕಬ್ಬಿನ ಹೊಲ ಎಲ್ಲದ ರೀ, ಅವ್ವಾರ?”

ನಾನು ಕುದಿಯುತ್ತಿದ್ದ ಬೇಳೆಗೆ ಸೌಟು ಹಾಕಿ ತಿರುವಿದೆ.

ಅವರು ಬಿಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ತಾಲೂಕು ಆಫೀಸಿಗೆ ಹೋಗುವರು, ಸಂಜೆ ಬರಿಗೈಯಲ್ಲಿ ಬರುವರು. “ಕಾಯ್ದೇದಾಗ ಇಂಥಾ ಮಕ್ಕಳನ್ನ ಬ್ಯಾಡ ಅನಬಾರದು ಅಂತ ಅದ ರೀ. ಕಂಪ್ಯೂಟರ್‌ದಾಗ ಮಾತ್ರ ಜಾಗಾ ಇಲ್ಲ” ಎನ್ನುವರು. ಆಫೀಸಿನವರೂ ಕೆಟ್ಟವರಲ್ಲವಂತೆ, ಕೂರಿಸಿ ಚಹಾ ಕೊಡುತ್ತಿದ್ದರಂತೆ. ಯಾರ ಮೇಲೆ ಸಿಟ್ಟು ಮಾಡುವುದು?

ಅಷ್ಟು ದಿನವೂ ಶೀತಲ್ ಕ್ಲಾಸಿನಲ್ಲಿ ಕೂತಳು. ತಮ್ಮ ನನ್ನ ಅಡಿಗೆ ಕೋಣೆಯ ಬಾಗಿಲಲ್ಲಿ ಅಕ್ಕಿಚೀಲದ ಮೇಲೆ ಮಲಗುತ್ತಿದ್ದ. ಮರಾಠಿ ಬಿಟ್ಟು ಏನೂ ಬಾರದ ಹುಡುಗಿ ಸಂಕ್ರಾಂತಿಯ ಹೊತ್ತಿಗೆ ತಾಟು ಹಿಡಿದು ಬಂದು, “ಆಯಿ, ಸಾರಿನ್ಯಾಗ ಖಾರನ ಇಲ್ಲ” ಎಂದು ಕನ್ನಡದಲ್ಲಿ ತಕರಾರು ತೆಗೆದಳು. ಅಕ್ಕೋರು ನಕ್ಕಿದ್ದೇ ನಕ್ಕಿದ್ದು. “ನೋಡ್ರಿ, ನಾ ಕನ್ನಡ ಕಲಿಸಿದ್ದು ನಿಮ್ಮನ್ನ ಬೈಲಿಕ್ಕೆ ಉಪಯೋಗ ಆತು.”

ಒಂದು ಮಾತು ಮರೆಯಲಾರೆ. ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳನ್ನೆಲ್ಲ ಕೂಗಿದ ಮೇಲೆ ಅಕ್ಕೋರು ಪುಸ್ತಕ ಮುಚ್ಚಿ, ತಲೆಯೆತ್ತಿ, “ಶೀತಲ್” ಎನ್ನುತ್ತಿದ್ದರು. “ಹಾಜರ್‌ರೀ ಅಕ್ಕೋರ” ಎಂದು ಅವಳು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ತನ್ನ ಹೆಸರೂ ಆ ಪುಸ್ತಕದಲ್ಲಿದೆ ಎಂದೇ ಅವಳು ತಿಳಿದಿದ್ದಳು. ಹೇಳುವ ಧೈರ್ಯ ಅಕ್ಕೋರಿಗೆ ಆಗಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಕೊನೆಗೆ ಆಫೀಸಿನಲ್ಲಿ ಯಾರೋ ಒಂದು ದಾರಿ ಹೇಳಿದರು. ಅಪ್ಪ ಖುದ್ದಾಗಿ ಕಲಘಟಗಿಗೆ ಬಂದು ಬರೆದುಕೊಟ್ಟರೆ ಕಾಗದ ಮಾಡಿಸಬಹುದು, ಸೋಮವಾರ ಕರೆತನ್ನಿ ಎಂದು. ಶನಿವಾರ ಅಕ್ಕೋರು ಹುಡುಗಿಯ ಕೈಯಲ್ಲಿ ಪೇಢೆ ಕೊಟ್ಟು, ಅಪ್ಪನಿಗೆ ಹೇಳಿ ಕಳಿಸಿದರು.

ಭಾನುವಾರ ನಮ್ಮೂರ ಕಬ್ಬು ಮುಗಿಯಿತು. ಮುಂದಿನ ಊರಿಗೆ ಹೋಗಲು ಮುಕಾದಮ, ಅಂದರೆ ಗ್ಯಾಂಗಿನ ಯಜಮಾನ, ಸಂಜೆಯೇ ಟ್ರ್ಯಾಕ್ಟರ್ ತುಂಬಿಸಿದ. ಅವನ ಮಾತು ಮೀರಲು ಆ ಅಪ್ಪನಿಗೆಲ್ಲಿ ಸಾಧ್ಯ. ಟ್ರ್ಯಾಕ್ಟರ್ ನಮ್ಮ ಓಣಿಯ ಮುಂದೆಯೇ ಹೋಯಿತು. ಶೀತಲ್ ಗಂಟುಗಳ ಮೇಲೆ ಕೂತು, “ಆಯಿ, ನಾಳೆ ಬರ್ತೀನಿ ಅಂತ ಅಕ್ಕೋರಿಗೆ ಹೇಳ್ರಿ” ಎಂದಳು. ಎಲ್ಲಿಗೆ ಹೋಗುತ್ತಿದ್ದಾಳೆಂದು ಅವಳಿಗೂ ತಿಳಿದಿರಲಿಲ್ಲ. ನಾನು ಕೈ ಬೀಸಿದೆ. ಇನ್ನೇನು ಮಾಡಬಹುದಿತ್ತು...

ಸೋಮವಾರ ಅಕ್ಕೋರಿಗೆ ಗೇಟಿನಲ್ಲೇ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು ಒಳಗೆ ಹೋದರು. ಹಾಜರಿ ಮುಗಿಸಿ, ಪುಸ್ತಕ ಮುಚ್ಚಿ, ಅವಳ ಹೆಸರನ್ನು ಕೂಗಿದರು. ಮಕ್ಕಳೆಲ್ಲ ಬಾಗಿಲು ನೋಡಿದವು. ಪರೀಕ್ಷೆ ಮುಗಿಯುವವರೆಗೂ ದಿನಾ ಹಾಗೆಯೇ ಕೂಗಿದರು.

ನಿವೃತ್ತಿಯ ದಿನ, “ಆ ಗ್ಯಾಂಗ್ ಬಂದರ ನನಗ ಫೋನ್ ಹಚ್ರಿ” ಎಂದು ಹೇಳಿ ಹೋದರು. ಆ ಗ್ಯಾಂಗ್ ಮತ್ತೆ ಬರಲಿಲ್ಲ, ಬೇರೆಯವರು ಬಂದರು. ಪ್ರತಿ ವರ್ಷ ಅವರ ಹೆಂಗಸರನ್ನು ಕೇಳುತ್ತೇನೆ. ಶೀತಲ್ ಎಂಬವರು ಎಲ್ಲ ಗ್ಯಾಂಗಿನಲ್ಲೂ ಇದ್ದಾರೆ, ಅವಳು ಮಾತ್ರ ಇಲ್ಲ. ಹೋದ ವರ್ಷ ಅಕ್ಕೋರು ಧಾರವಾಡದಲ್ಲಿ ತೀರಿಕೊಂಡರೆಂದು ಸುದ್ದಿ ಬಂತು. ಈಗ ಅವಳು ಬಂದರೂ ಯಾರಿಗೆ ಫೋನ್ ಹಚ್ಚಲಿ?

ನನ್ನ ಮೊಮ್ಮಗಳ ಹೆಸರು ಹಚ್ಚುವ ಕೆಲಸ ಮಾತ್ರ, ಅಕ್ಕೋರ ಜಾಗಕ್ಕೆ ಬಂದ ಹೊಸ ಸರ್ ಮುಂದೆ ಇಟ್ಟ ಚಹಾ ಆರುವುದರೊಳಗೆ ಮುಗಿಯಿತು. ದವಾಖಾನೆಯ ಕಾಗದ, ಆಧಾರ್, ಎಲ್ಲ ಇತ್ತು. ನಾನು ಓಣಿಗೆಲ್ಲ ಚುರುಮರಿ, ಬೆಲ್ಲ ಹಂಚಿ ಬಂದು ಶಾಲೆಯ ಅಡಿಗೆ ಕೋಣೆಯಲ್ಲಿ ಅನ್ನಕ್ಕೆ ಇಟ್ಟಿದ್ದೆ. ಆಚೆ ಹಾಜರಿ ನಡೆದಿತ್ತು. ಹೊಸದಾಗಿ ಸೇರಿದವಳೆಂದು ಅವಳ ಹೆಸರು ಕೊನೆಗೆ ಬಂತು. “ಹಾಜರ್‌ರೀ ಸರ್” ಎಂದ ಆ ದನಿ ಕೇಳಿ ನನ್ನ ಎದೆ ತುಂಬಿತು. ಸೌಟು ಕೈಯಲ್ಲಿ ಹಿಡಿದೇ ನಿಂತಿದ್ದೆ, ಇನ್ನೂ ಒಂದು ಹೆಸರು ಇದೆಯಲ್ಲ ಎಂದು.

ಸರ್ ಪುಸ್ತಕ ಮುಚ್ಚಿ, ಪಾಠ ಶುರು ಮಾಡಿದರು.