ಕೀಲ್ ಇಲ್ಲದ ದೋಣಿ

ನಿವೃತ್ತಿಗೆ ಇನ್ನು ಮೂರು ವರ್ಷ ಬಾಕಿ ಇತ್ತು. ಬಂಟ್ವಾಳ ತಾಲೂಕಿನಲ್ಲಿ ನೇತ್ರಾವತಿಯ ದಡಕ್ಕೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಅಧ್ಯಾಪಕ. ಪಾಠದ ಕಠಿಣ ಪದಗಳನ್ನು ಮಕ್ಕಳಿಂದ ಸ್ವಂತ ವಾಕ್ಯದಲ್ಲಿ ಬರೆಸುವುದು ನನ್ನ ಕ್ರಮ. ಸ್ವಂತ ಎಂದು ಹೆಸರಿಗೆ ಮಾತ್ರ. ಬೋರ್ಡಿನಲ್ಲಿ ನಾನು ಬರೆದದ್ದನ್ನೇ ಸ್ವಲ್ಪ ಆಚೀಚೆ ಮಾಡಿದರೆ ನನಗೆ ತೃಪ್ತಿ.

ಆ ವಾರ ಒಂಬತ್ತನೆಯ ತರಗತಿಗೆ ಸಮುದ್ರಯಾನದ ಪಾಠ. ಪದ ‘ಕೀಲ್’. ಹಡಗಿನ ತಳದಲ್ಲಿ ಮುಂದಿನಿಂದ ಹಿಂದಿನವರೆಗೆ ಬೆನ್ನೆಲುಬಿನ ಹಾಗೆ ಹಾಯುವ ತೊಲೆ ಅದು. ಹಡಗು ಸುಲಭವಾಗಿ ವಾಲದಂತೆ ನೋಡಿಕೊಳ್ಳುತ್ತದೆ. ‘ಪ್ರತಿ ದೋಣಿಗೂ ಕೀಲ್ ಇರುತ್ತದೆ’ ಎಂದು ಬೋರ್ಡಿನಲ್ಲಿ ಬರೆದೆ. ಮೂಡುಬಿದಿರೆ ಬದಿಯ, ದೋಣಿಯೇ ಇಲ್ಲದ ಪುತ್ತಿಗೆಯವನಾದ ನನಗೆ ದೋಣಿಯ ಬಗ್ಗೆ ಗೊತ್ತಿದ್ದದ್ದು ಅಷ್ಟೇ, ಅದೂ ಗೈಡ್ ಓದಿ.

ಸಫಿಯಾ ತರಗತಿಯಲ್ಲೇ ಇಂಗ್ಲಿಷಿನಲ್ಲಿ ಮುಂದು. ತಾಲೂಕು ಮಟ್ಟದ ಭಾಷಣ ಸ್ಪರ್ಧೆಗೆ ಅವಳ ಹೆಸರನ್ನೇ ಕೊಟ್ಟಿದ್ದೆ. ಅವಳ ತಂದೆ ನದಿಯಲ್ಲಿ ಜನರನ್ನು ದಾಟಿಸುವ ದೋಣಿಯವರು. ‘ನನ್ನ ತಂದೆಯ ದೋಣಿಗೆ ಕೀಲ್ ಇಲ್ಲ, ಆದ್ದರಿಂದ ನಾವು ಎದ್ದು ನಿಲ್ಲುವುದಿಲ್ಲ’ ಎಂದು ಅವಳು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದಿದ್ದಳು. ನಾನು ಕೆಂಪು ಪೆನ್ನಿನಿಂದ ಗೀಟು ಹಾಕಿ, ಅದನ್ನು ಗಟ್ಟಿಯಾಗಿ ಓದಿದೆ.

“ಕೀಲ್ ಇಲ್ಲದ ದೋಣಿ ಉಂಟಾ? ಮತ್ತೆಂತ, ಬಾಳೆದಿಂಡಿನ ತೆಪ್ಪವಾ?”

ನಲವತ್ತೆರಡು ಮಕ್ಕಳು ಗೊಳ್ಳೆಂದು ನಕ್ಕರು.

“ನಮ್ಮದಕ್ಕೆ ಇಲ್ಲ ಸರ್,” ಎಂದಳು ಅವಳು.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎದುರುತ್ತರ ಬೇಡ ಎಂದು ಗದರಿಸಿ ಕೂರಿಸಿದೆ. ಮರುದಿನ ಬಂದು, “ಸ್ಪರ್ಧೆಗೆ ನಾನಿಲ್ಲ ಸರ್, ಮಾತಾಡ್ಲಿಕ್ಕೆ ಎದ್ದರೆ ಎಲ್ಲರೂ ನಗ್ತಾರೆ” ಎಂದಳು. ಹುಡುಗಿಗೆ ಕೋಪ, ಇಳಿದೀತು ಎಂದುಕೊಂಡೆ.

ಎರಡು ವಾರದ ಮೇಲೆ ಮತದಾರರ ಪಟ್ಟಿಯ ಕೆಲಸಕ್ಕೆ ನದಿಯ ಆಚೆ ಹೋಗಬೇಕಾಯಿತು. ಹತ್ತಿದ್ದು ಸಫಿಯಾಳ ತಂದೆಯ ದೋಣಿಯನ್ನೇ. ನಡುನೀರಿನಲ್ಲಿ ಫೈಲು ಸರಿಮಾಡಲು ಎದ್ದು ನಿಂತೆ. ದೋಣಿ ಒಮ್ಮೆಲೇ ಒಂದು ಬದಿಗೆ ವಾಲಿತು.

“ಕೂತ್ಕೊಳ್ಳಿ ಮಾಷ್ಟ್ರೇ!” ಎಂದು ಕೂಗಿದರು ಅವಳ ತಂದೆ. “ಇದಕ್ಕೆ ಅಡಿಯಲ್ಲಿ ತೊಲೆ ಇಲ್ಲ, ಚಪ್ಪಟೆ. ಬೇಸಗೆಯಲ್ಲಿ ನೀರು ಇಳಿದು ಅಡಿಯ ಹೊಯಿಗೆಯ ಮೇಲೆಯೇ ಹೋಗ್ಲಿಕ್ಕೆ ಉಂಟಲ್ಲ, ತೊಲೆ ಇದ್ರೆ ಸಿಕ್ಕಿ ಬೀಳ್ತದೆ.” ಮತ್ತೆ ನಗುತ್ತಾ, “ಮಗಳು ಭಾಷಣ ಬೇಡ ಹೇಳ್ತಾಳೆ. ನೀವೊಂದು ಮಾತು ಹೇಳಿ ಮಾಷ್ಟ್ರೇ, ನಿಮ್ಮ ಮಾತು ಕೇಳ್ತಾಳೆ,” ಎಂದರು.

ಅವಳು ಮನೆಯಲ್ಲಿ ಏನೂ ಹೇಳಿರಲಿಲ್ಲ. ನನಗೆ ಆ ಮನುಷ್ಯನ ಮುಖ ನೋಡಲಾಗಲಿಲ್ಲ.

ಮರುದಿನ ಸ್ಟಾಫ್ ರೂಮಿಗೆ ಅವಳನ್ನು ಕರೆದು, ಅವಳ ಪುಸ್ತಕದಲ್ಲಿ ನಾನು ಹಾಕಿದ್ದ ಕೆಂಪು ಗೀಟನ್ನು ರದ್ದು ಮಾಡಿ ಪೂರ್ಣ ಅಂಕ ಕೊಟ್ಟೆ. “ತಪ್ಪು ನನ್ನದು,” ಎಂದೆ. ಅವಳು ಪುಸ್ತಕ ನೋಡಿದಳು.

“ಕ್ಲಾಸಿನಲ್ಲಿಯೂ ಹೇಳ್ತೀರಾ ಸರ್?”

“ಹೇಳ್ತೇನೆ,” ಎಂದೆ.

ಹೇಳಲಿಲ್ಲ. ನಾಳೆ, ನಾಡಿದ್ದು ಎಂದು ಮುಂದೂಡಿದೆ. ಮೂವತ್ತು ವರ್ಷದ ಮಾಸ್ತರಿಕೆಯ ಮರ್ಯಾದೆ ಅಡ್ಡ ಬಂತು. ಸ್ಪರ್ಧೆಗೆ ಬೇರೆ ಹುಡುಗಿ ಹೋದಳು. ನಲವತ್ತೆರಡು ಮಂದಿಯ ಎದುರು ಮಾಡಿದ ತಪ್ಪನ್ನು ಸ್ಟಾಫ್ ರೂಮಿನಲ್ಲಿ ತಿದ್ದಿದರೆ ಅದು ತಿದ್ದಿದಂತಲ್ಲ ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ನಾನು ಕಲಿತದ್ದು ತಡವಾಗಿ.

ಆಮೇಲೆ ಕೆಲವು ವಾರ, ನಾನು ತರಗತಿಗೆ ಕಾಲಿಟ್ಟ ಕೂಡಲೇ ಸಫಿಯಾ ತಲೆ ಎತ್ತಿ ನೋಡುತ್ತಿದ್ದಳು. ದಸರಾ ರಜೆ ಮುಗಿಸಿ ಬಂದ ಮೇಲೆ ನೋಡುವುದನ್ನು ಬಿಟ್ಟಳು.