ಎಲೆ ಬಾಡಿಸುವ ಅಟ್ಟದಲ್ಲಿ ಮೊದಲ ಕ್ಯಾಸೆಟ್

ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ ರೆಕಾರ್ಡ್ ಆದದ್ದು ನೀಲಗಿರಿಯ ಕೋತಗಿರಿ ಹತ್ತಿರದ ಟೀ ಫ್ಯಾಕ್ಟರಿಯೊಂದರ ಅಟ್ಟದಲ್ಲಿ. ಬಾಡಲೆಂದು ಅಲ್ಲಿ ಹರಡಿದ್ದ ಹಸಿ ಎಲೆ ದನಿಯನ್ನೆಲ್ಲ ಹೀರಿಕೊಳ್ಳುತ್ತಿತ್ತು. ಪ್ರತಿಧ್ವನಿಯ ಕಾಟವೇ ಇರಲಿಲ್ಲ. ಫ್ಯಾಕ್ಟರಿ ನೋಡಿಕೊಳ್ಳುತ್ತಿದ್ದ ನನ್ನ ಮಾಮ ನಾವು ಹಾಡುವಷ್ಟು ಹೊತ್ತು ಮಾತ್ರ ಎಲೆಗೆ ಗಾಳಿ ಹಾಯಿಸುವ ಫ್ಯಾನು ನಿಲ್ಲಿಸುತ್ತಿದ್ದರು.

ಕೊನೆಯ ಹಾಡೊಂದು ಬಾಕಿ ಇದ್ದಾಗ, "ಲೀಫ್ ಬಾಡಿತಪ್ಪಾ, ಇನ್ನು ಇಡೋಕಾಗದು" ಎಂದು ಮಾಮ ಎಲೆಯನ್ನೆಲ್ಲ ಕೆಳಗಿನ ಯಂತ್ರಕ್ಕೆ ಇಳಿಸಿಬಿಟ್ಟರು. ಬರಿದಾದ ಅಟ್ಟದಲ್ಲಿ ನಾನು ಸಿಟ್ಟಿನಿಂದಲೇ ಹಾಡಿದೆ. ಗೋಡೆಗಳು ನನ್ನ ದನಿಯನ್ನು ನನಗೇ ವಾಪಸು ಎಸೆದವು.

ಕ್ಯಾಸೆಟ್ ಕೇಳಿದವರೆಲ್ಲ ಆ ಹಾಡೊಂದನ್ನೇ ಹೊಗಳಿದರು. ಎಂಥ ಒಂಟಿತನ ತುಂಬಿದ್ದೀಯ ಎಂದರು. ಮಿಕ್ಕ ಹಾಡುಗಳನ್ನು ಹೀರಿಕೊಂಡಿದ್ದ ಎಲೆಯನ್ನು ಅಷ್ಟರಲ್ಲಿ ಯಾರೋ ಟೀ ಮಾಡಿ ಕುಡಿದು ಮುಗಿಸಿದ್ದರು.