ಕಾರು ನೋಡಲು ಬಂದ ಮೆಹಮಾನ್

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅರಬೈಲ್ ಘಟ್ಟದ ತಿರುವಿನಲ್ಲಿ ಅಡ್ಡ ಬಂದ ಎಮ್ಮೆಯನ್ನು ಉಳಿಸಲು ಹೋಗಿ ನನ್ನ ಬಾಡಿಗೆ ಕಾರನ್ನು ಬಂಡೆಗೆ ಗುದ್ದಿಸಿದೆ. ನನಗೂ ಎಮ್ಮೆಗೂ ಏನೂ ಆಗಲಿಲ್ಲ, ಕಾರಿನ ದೀಪ ಒಡೆದು, ಬಾಗಿಲು ನುಗ್ಗುನುರಿಯಾಯಿತು. ಎರಡು ಬಾಗಿಲಿನ ಹಳೇ ಕಾರು. ಇನ್ನೊಂದು ಬಾಗಿಲು ನಾನು ಕೊಂಡಾಗಿನಿಂದಲೂ ತೆರೆದದ್ದೇ ಇಲ್ಲ. ಯಲ್ಲಾಪುರದ ನಮ್ಮ ಮನೆಯ ಒಲೆ ಉರಿಯುತ್ತಿದ್ದುದು ಆ ಕಾರಿನಿಂದಲೇ. ವಿಮಾ ಕಂಪನಿ ಕೈಬಿಟ್ಟರೆ ಅದನ್ನು ಗುಜರಿಗೆ ಹಾಕಬೇಕಿತ್ತು.

ಹುಬ್ಬಳ್ಳಿಯಿಂದ ಸರ್ವೇಯರರು ಬಂದು ಹಾನಿ ನೋಡುವ ತನಕ ಕಾರನ್ನು ಮುಟ್ಟಬಾರದೆಂದು ಕಂಪನಿಯವರು ಹೇಳಿದ್ದರು. ನನ್ನ ತಾಯಿಗೂ ಅದನ್ನೇ ಹೇಳಿದ್ದೆ. ಆದರೆ ಅಮ್ಮಿಯ ತಲೆಯಲ್ಲಿ ಉಳಿದದ್ದು ಹುಬ್ಬಳ್ಳಿಯಿಂದ ಯಾರೋ ಬರುತ್ತಾರೆ ಎಂಬುದಷ್ಟೇ.

ಬಸ್ಸಿಳಿದ ಸರ್ವೇಯರರನ್ನು ನಾನು ಕರೆತಂದಾಗ ಕಾರು ಮದುಮಗನ ಹಾಗೆ ನಿಂತಿತ್ತು. ಅಮ್ಮಿ ಪಾತ್ರೆಗೆ ಕಲಾಯಿ ಹಾಕುವವನಿಂದ ಬಾಗಿಲನ್ನು ಬಡಿಸಿ ಸಪಾಟು ಮಾಡಿಸಿ, ಒಡೆದ ದೀಪಕ್ಕೆ ಕಸೂತಿಯ ಬಟ್ಟೆ ಹೊದಿಸಿದ್ದಳು.

"ಏನಮ್ಮಿ ಇದು!"

"ಮತ್ತೆಂತ ಮಾಡೂದು? ಮನೆಗೆ ಮೆಹಮಾನ್ ಬರೂವಾಗ ಮುರುಕು ಬಾಗ್ಲು ತೋರ್ಸೂದಾ? ಮರ್ಯಾದೆ ಬೇಡ್ವಾ?"

ಸರ್ವೇಯರರು ಕಾರನ್ನು ಒಂದು ಸುತ್ತು ಹಾಕಿ, "ಎಲ್ಲೈತ್ರೀ ಅಪಘಾತ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲನ್ನು ಜಗ್ಗಿ ತೆರೆದು, ಒಳಗೆ ಕೂತು, ಧಡಾರನೆ ಹಾಕಿಕೊಂಡರು. ಆಮೇಲೆ ಅದು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ನಾನು ಹೊರಗಿನಿಂದ ಎಳೆದೆ, ಅವರು ಒಳಗಿನಿಂದ ಒದ್ದರು. ಕಿಟಕಿಯಿಂದ ನುಸುಳುವ ಮೈಕಟ್ಟು ಅವರದ್ದಲ್ಲ.

ನಾನು ಕಲಾಯಿಯವನ ಮನೆಗೆ ಓಡಿದೆ. ಅವನೊಡನೆ ಬರುವಷ್ಟರಲ್ಲಿ ಅಮ್ಮಿ ಕಿಟಕಿಯಿಂದ ಪುಲಾವಿನ ತಟ್ಟೆ ಒಳಗೆ ದಾಟಿಸಿದ್ದಳು. ಸರ್ವೇಯರರು ಸಾಕು ಸಾಕು ಎನ್ನುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ನನಗೆ ಅಳಬೇಕೋ ನಗಬೇಕೋ ತಿಳಿಯದೆ ನಕ್ಕೇ ಬಿಟ್ಟೆ.

ಕಲಾಯಿಯವನು ಸಲಾಕೆ ಹಾಕಿ ಮೀಟಿದ. ಅವನು ನೆಟ್ಟಗೆ ಮಾಡಿದ್ದೆಲ್ಲ ಸೊಟ್ಟಗಾಗಿ ಬಾಗಿಲು ಕಿತ್ತು ಬಂತು. ಸರ್ವೇಯರರು ಬೆವರೊರೆಸಿಕೊಳ್ಳುತ್ತ ಇಳಿದರು.

"ಚೌಕಟ್ಟಽ ತಿರುಚೈತ್ರಿ. ಹೊಸಾ ಬಾಗಿಲಾನ ಬೇಕು. ಕಂಪನಿಗೆ ಬರದು ಕೊಡ್ತೇನಿ. ಒಳಗ ಕುಂತು ಅನುಭವಿಸೇನಲ್ರೀ!"

ನನ್ನ ಜೀವ ಮರಳಿ ಬಂತು. ಕುಣಿಯುವುದೊಂದು ಬಾಕಿ. ಅಮ್ಮಿ ಮಾತ್ರ ಕಣ್ಣು ತುಂಬಿಕೊಂಡು ನಿಂತಿದ್ದಳು.

"ಆ ಬಾಗ್ಲು ಹಾಳಾಗ್ಲಿ! ಮನೆಗೆ ಬಂದವ್ರನ್ನ ಬೀದಿಲಿ ಕೂರ್ಸಿ ಉಣ್ಸಿದ್ನಲ್ಲ! ಈಗಾದ್ರೂ ಒಳಗೆ ಬನ್ನಿ, ಸರಿಯಾಗಿ ಕೂತು ಊಟ ಮಾಡಿ."

ಎರಡು ತಟ್ಟೆ ಉಂಡಿದ್ದ ಆ ಪುಣ್ಯಾತ್ಮರು ಅಮ್ಮಿಯ ಮುಖವನ್ನೊಮ್ಮೆ ನೋಡಿದರು. ಬೂಟು ಕಳಚಿ, ಊಟಕ್ಕೆ ಒಳಗೆ ನಡೆದರು.